ವರಿ ಮಾಡಬೇಡಿ, ಲೈನಿನಲ್ಲೇ ಇದ್ದೇನೆ

"ನೀನು ಹೇಳಿದ ಹಾಗೇ ಮಾಡ್ಬಿಟ್ಟೆ ಕಣೋ. ಮನಸ್ಸು ಹಗುರ ಆಯ್ತು," ಎಂದು ಅಕ್ಕ ಬೆಳಿಗ್ಗೆ ಫೋನಿನಲ್ಲಿ ಹೇಳಿದಾಗ ಅವನು "ಒಳ್ಳೇದಾಯ್ತು ಬಿಡು" ಎಂದುಬಿಟ್ಟಿದ್ದ. ನಿನ್ನ ಕೋಟು ರಿಪೇರಿಯಾಗಿದೆ, ಮಧ್ಯಾಹ್ನ ಊಟದ ಹೊತ್ತಿಗೆ ಆಫೀಸಿಗೇ ತಂದುಕೊಡುತ್ತೇನೆ ಎಂದು ಅವಳು ಫೋನಿಟ್ಟಳು. ಬೂಟಿನ ಲೇಸು ಕಟ್ಟಲು ಬಗ್ಗಿದವನು ಬಗ್ಗಿದಂತೆಯೇ ಉಳಿದ. ತಾನು ಏನು ಹೇಳಿದ್ದೆ? ಮರೆತಿದ್ದರೆ ನೆನಪು ಮಾಡಿಕೊಳ್ಳಬಹುದಿತ್ತು. ಮರೆತದ್ದಕ್ಕೆ ಮನಸ್ಸಿನಲ್ಲಿ ಒಂದು ಜಾಗವಾದರೂ ಇರುತ್ತದೆ, ಧೂಳು ಕೊಡವಿದರೆ ಸಿಗುತ್ತದೆ. ಇಲ್ಲಿ ಕೊಡವಲು ಏನೂ ಇರಲಿಲ್ಲ. ಅವನು ಕೇಳಿಸಿಕೊಂಡೇ ಇರಲಿಲ್ಲ. ಒಡಹುಟ್ಟಿದವಳ ಬದುಕಿನಲ್ಲಿ ಅವನ ಮಾತು ನಂಬಿ ಏನೋ ಒಂದು ನಡೆದುಹೋಗಿತ್ತು, ಅದು ಏನೆಂದು ಅವನಿಗೇ ಗೊತ್ತಿರಲಿಲ್ಲ. "ಇನ್ನೊಂದು ಕಾಲಿಗೆ ಹಾಕ್ಕೊಳ್ಳೋದು ಮರೆತ್ರಾ?" ಎಂದು ಹೆಂಡತಿ ಅಡಿಗೆಮನೆಯಿಂದ ಕೇಳಿದಳು. "ವರಿ ಮಾಡ್ಬೇಡ," ಎಂದ. ಅವಳು ಸೌಟನ್ನು ಪಾತ್ರೆಯ ಅಂಚಿಗೆ ಕುಕ್ಕಿದಳು. "ನಾನೇನು ಲಿಫ್ಟಲ್ಲಿ ಸಿಕ್ಕಾಕೊಂಡಿದೀನಾ, ನನ್ ಹತ್ರ ಆ ಮಾತು ಆಡೋಕೆ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರೇ ಅವನ ಅನ್ನ. ನಗರದ ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ಒಳಗಿದ್ದವರು ಗಂಟೆಯ ಚಿತ್ರವಿರುವ ಗುಂಡಿ ಒತ್ತಿದರೆ ಅದು ಬಂದು ಬಡಿಯುವುದು ಲಿಫ್ಟ್ ಕಂಪನಿಯ ಉದ್ದನೆಯ ಒಂದು ಕೋಣೆಯಲ್ಲಿ, ಹೆಡ್‌ಫೋನು ಸಿಕ್ಕಿಸಿಕೊಂಡು ಸಾಲಾಗಿ ಕೂತವರ ಕಿವಿಗೆ. ಮೆಕ್ಯಾನಿಕ್ಕನ್ನು ಕಳಿಸುವುದೇನೂ ದೊಡ್ಡ ಕೆಲಸವಲ್ಲ. ಅವನು ಹೋಗಿ ಮುಟ್ಟುವ ತನಕ ಒಳಗಿದ್ದವರ ಜೀವ ಹಿಡಿದಿಡುವುದೇ ಕೆಲಸ. ಅದಕ್ಕೆಂದು ತರಬೇತಿ ಕೊಟ್ಟ ಮೇಡಂ ಒಂದು ಇಡೀ ಬೆಳಗು ಒಂದೇ ಪದದ ಮೇಲೆ ಕಳೆದಿದ್ದರು. "ಗಾಬರಿಯಾಗಬೇಡಿ ಅಂದ್ರೆ, ಅಲ್ಲೀವರೆಗೆ ಆಗದೆ ಇದ್ದೋರೂ ಆಗ್ತಾರೆ. ಚಿಂತೆ ಮಾಡ್ಬೇಡಿ ಅಂದ್ರೆ ಸಾವಿನ ಮನೆಗೆ ಬಂದ ಹಾಗಿರುತ್ತೆ. ಚಿಂತೆಗೂ ಚಿತೆಗೂ ಒಂದು ಸೊನ್ನೆ ವ್ಯತ್ಯಾಸ. ಯೋಚನೆ ಮಾಡ್ಬೇಡಿ ಅಂದ್ರೆ ಬೈದ ಹಾಗಾಯ್ತು. ವರಿ ಅನ್ನಿ. ವರಿಗೆ ತೂಕ ಇಲ್ಲ. ಹೇಳಿದೋರಿಗೂ ಭಾರ ಇಲ್ಲ, ಕೇಳಿದೋರಿಗೂ ಭಾರ ಇಲ್ಲ." ಎಲ್ಲರೂ ಒಕ್ಕೊರಲಿನಿಂದ, ಶಾಲೆಯ ಮಕ್ಕಳು ಮಗ್ಗಿ ಹೇಳಿದ ಹಾಗೆ, ಹೇಳಿದ್ದರು: ವರಿ ಮಾಡ್ಬೇಡಿ, ನಾನು ಲೈನಲ್ಲೇ ಇದೀನಿ. ಅವನು ಅದನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ಮೇಡಂ ಅವನಿಂದಲೇ ಮತ್ತೊಮ್ಮೆ ಹೇಳಿಸಿದ್ದರು.

ಹಗುರವಾದ ಸಾಮಾನನ್ನು ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು. ಅವನು ಆ ಮಾತನ್ನು ಮನೆಗೂ ತಂದ, ಬಂಧುಗಳ ಮನೆಗೂ ಒಯ್ದ, ಅಮ್ಮ ಮಲಗಿದ್ದ ಆಸ್ಪತ್ರೆಯ ವಾರ್ಡಿಗೂ ಒಯ್ದ. ಅಮ್ಮನ ಬಾಯಲ್ಲಿ ಆ ಪದಕ್ಕೆ ಬೇರೆಯದೇ ತೂಕವಿತ್ತು. ಅವಳಿಗದು ಜ್ವರ, ನೆಗಡಿಯ ಹಾಗೆ ಮೈಗೆ ಅಂಟುವಂಥದ್ದು. "ನಿನ್ನ ಅಕ್ಕಂದೇ ಒಂದು ವರಿ ಹಚ್ಕೊಂಡ್ಬಿಟ್ಟಿದೆ ನಂಗೆ," ಎನ್ನುತ್ತಿದ್ದಳು, ಎದೆಯ ಮೇಲೆ ಕೈಯಿಟ್ಟು, ಅಲ್ಲೇ ಎಲ್ಲೋ ಇದೆ ಎಂಬಂತೆ. ಹೆಂಡತಿಯ ಬಾಯಲ್ಲಿ ಅದು ಅಪವಾದ: ನಿಮಗೆ ಯಾವುದರ ವರಿನೂ ಇಲ್ಲ. ಅಕ್ಕನ ಬಾಯಲ್ಲಿ ಅದು ಬಾಗಿಲು ತಟ್ಟುವ ಸದ್ದು. "ಒಂದು ವರಿ ಆಗಿದೆ ಕಣೋ," ಎಂದೇ ಅವಳ ಫೋನು ಶುರುವಾಗುತ್ತಿತ್ತು. ಆಮೇಲೆ ಬಚ್ಚಲ ಕೊಳವೆ, ಅಲ್ಲಾಡುವ ಹಲ್ಲು, ಅವಳು ಕೆಲಸಕ್ಕಿದ್ದ ಅಂಗಡಿಯ ಯಜಮಾನಿಯ ಮುಖ ಗಂಟಿಕ್ಕಿದ್ದು. ಅಮ್ಮ ಇರುವ ತನಕ ಇವೆಲ್ಲ ಅಮ್ಮನ ಪಾಲಿಗಿದ್ದವು. ಅಮ್ಮ ನಡುನಡುವೆ ಬಾಯಿ ಹಾಕಿ, ಬೈದು, ಮೂಗು ತೂರಿಸಿ ಕೇಳುತ್ತಿದ್ದಳು. ಅಮ್ಮ ಹೋದ ಮೇಲೆ ಅವಳ ಪೆಟ್ಟಿಗೆ, ಅವಳ ಕಂಬಳಿ ಯಾರಿಗೆಂದು ಮಾತುಕತೆಯಾಯಿತು; ಅಕ್ಕನ ವರಿ ಯಾರಿಗೆಂದು ಯಾರೂ ಮಾತಾಡಲಿಲ್ಲ, ಅದು ತಾನಾಗಿ ಅವನ ತಲೆಗೆ ಬಂತು.

ಅಕ್ಕ ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಗುಂಡಿ ಹಚ್ಚುವುದು, ಜಿಪ್ಪು ಬದಲಿಸುವುದು ಮಾಡುತ್ತಿದ್ದಳು. ಭಾವ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತು ನೋಡಿ ಅವನಿಗೆ ಫೋನು ಮಾಡುತ್ತಿದ್ದಳು. ಲಿಫ್ಟ್ ಕಂಪನಿಯ ಕೋಣೆಯೊಳಗೆ ಸ್ವಂತ ಫೋನು ಒಯ್ಯುವಂತಿರಲಿಲ್ಲ. ಮನೆಯವರಿಗೆಂದು ಕೊಟ್ಟಿದ್ದ ಹೊರಗಿನ ನಂಬರು ಅದೇ ಹೆಡ್‌ಫೋನಿಗೆ ಬರುತ್ತಿತ್ತು. ಆ ಹೆಡ್‌ಫೋನಿನ ವೈರಿನಲ್ಲಿ ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ. ಕೆಮ್ಮು ಬಂದರೆ ಒತ್ತಿಕೊಳ್ಳಿ, ಸಿಕ್ಕಿಕೊಂಡವರ ಕಿವಿಗೆ ಕೆಮ್ಮಬೇಡಿ ಎಂದು ಕೊಟ್ಟದ್ದು. ಒತ್ತಿದರೆ ಸಣ್ಣ ಕೆಂಪು ದೀಪ ಹತ್ತಿ, ಮತ್ತೆ ಒತ್ತುವ ತನಕ ಈ ಕಡೆಯ ಸದ್ದು ಆ ಕಡೆಗೆ ಹೋಗುವುದು ನಿಲ್ಲುತ್ತಿತ್ತು. ಕೋಣೆಯವರು ಇದಕ್ಕೆ 'ಕೆಂಪಿಗೆ ಹಾಕೋದು' ಎನ್ನುತ್ತಿದ್ದರು. ಕೆಮ್ಮಿಗೆಂದು ಕೊಟ್ಟದ್ದು ಟೀಗೆ, ಹರಟೆಗೆ, ಉಗುರು ಕತ್ತರಿಸುವುದಕ್ಕೆ ಒದಗಿತು. ಕೆಂಪಿಗೆ ಹಾಕಿ, ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಕೂತರೆ, ಸಿಕ್ಕಿಕೊಂಡವರು ಈ ಮೌನವನ್ನು ಗಮನವೆಂದುಕೊಂಡು ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಅಕ್ಕನನ್ನು ಮೊದಲ ಸಲ ಕೆಂಪಿಗೆ ಹಾಕಿದಾಗ ನಿಜಕ್ಕೂ ಬೇರೊಂದು ಕರೆ ಬಂದಿತ್ತು. ಎರಡನೆಯ ಸಲ ಬಂದಿರಲಿಲ್ಲ. ಆಮೇಲೆ ಅಭ್ಯಾಸವಾಯಿತು, ಅಭ್ಯಾಸಕ್ಕೆ ನಾಚಿಕೆ ಇರುವುದಿಲ್ಲ.

ಬಸ್ಸಿನ ಕಿಟಕಿಗೆ ತಲೆ ತಾಗಿಸಿ ಅವನು ಕಳೆದ ವಾರದ ಆ ಕರೆಯನ್ನು ಹಿಡಿಯಲು ನೋಡಿದ. ಕಿತ್ತಳೆ ಸುಲಿಯುತ್ತಿದ್ದ. ಪಕ್ಕದ ಸೀಟಿನಾಕೆ ತನ್ನ ಮನೆಯ ಮಾಲೀಕನ ಜೊತೆ ಆಡಿದ ಜಗಳವನ್ನು, ಅವನ ದನಿಯನ್ನೂ ಅನುಕರಿಸುತ್ತ, ಹೇಳುತ್ತಿದ್ದಳು. ನಕ್ಕ ನೆನಪಿದೆ. ತೊಳೆಯ ಬೀಜವನ್ನು ಅಂಗೈಗೆ ಉಗಿದ ನೆನಪಿದೆ. ಕುತ್ತಿಗೆಯಲ್ಲಿ ಅಕ್ಕನ ದನಿ ಸಣ್ಣಗೆ, ಗೋಡೆಯಾಚೆಯ ನಲ್ಲಿಯ ಹಾಗೆ ಹರಿಯುತ್ತಿದ್ದದ್ದು ನೆನಪಿದೆ. ಅದು ನಿಂತದ್ದು ಗೊತ್ತಾಗಿ ಹೆಡ್‌ಫೋನು ಏರಿಸಿ, ಕೆಂಪು ತೆಗೆದಾಗ ಅವಳು "ಏನಂತೀಯ?" ಎಂದಳು. "ಹೂಂ, ಹಾಗೇ ಮಾಡು ಅಕ್ಕ. ವರಿ ಮಾಡ್ಬೇಡ." ಆ ಕಡೆ ಒಂದು ದೀರ್ಘ ಉಸಿರು. ಆಮೇಲೆ "ಸರಿ." ಎಷ್ಟೋ ಕಾಲದಿಂದ ಅವಳ ಬಾಯಿಂದ ಬಂದ ಅತಿ ಚಿಕ್ಕ ಮಾತು ಅದು, ಆಗಲೇ ಅನುಮಾನ ಬರಬೇಕಿತ್ತು. ಬಂದಿರಲಿಲ್ಲ, ಕಿತ್ತಳೆ ಸಿಹಿಯಾಗಿತ್ತು. ಏನಿರಬಹುದು? ಹಲ್ಲು ಕೀಳಿಸಿಕೊಂಡಳೇ? ಕೆಲಸ ಬಿಟ್ಟಳೇ? ಅಮ್ಮನ ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟಳೇ? ಒಂದೊಂದು ನಿಲ್ದಾಣಕ್ಕೂ ಒಂದೊಂದು ಅನಾಹುತ ಹತ್ತುತ್ತಿತ್ತು, ಯಾವುದೂ ಇಳಿಯುತ್ತಿರಲಿಲ್ಲ. ಹಲ್ಲೇ ಆಗಿರಲಿ ದೇವರೇ, ಎಂದುಕೊಂಡ. ಬಸ್ಸಿನಲ್ಲಿ ಕೂತು ಒಡಹುಟ್ಟಿದವಳ ಹಲ್ಲು ಉದುರಲೆಂದು ಬೇಡಿಕೊಂಡ.

ಮೊದಲ ಕರೆ ಬಂದದ್ದು ದನಿಯಲ್ಲೇ ವಯಸ್ಸಾಗಿದೆಯೆಂದು ಗೊತ್ತಾಗುವ ಒಬ್ಬರದು. ಬ್ಯಾಂಕಿನ ಕಟ್ಟಡ, ಒಬ್ಬರೇ ಇದ್ದರು. "ವರಿ ಮಾಡ್ಬೇಡಿ ಸರ್, ನಾನು ಲೈನಲ್ಲೇ ಇದೀನಿ," ಎಂದು ಮೆಕ್ಯಾನಿಕ್ಕನ್ನು ಕಳಿಸಿದ. ಅವರು ತಮ್ಮ ಸೊಸೆಯ ಬಗ್ಗೆ ಏನೋ ಹೇಳತೊಡಗಿದರು. ಅವನು ಕೆಂಪಿಗೆ ಹಾಕಿ ಹಣೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತ. ಕೆಲಸ ಬಿಟ್ಟಿರಲಾರಳು, ಬಿಟ್ಟರೆ ಕೋಟು ಎಲ್ಲಿ ಹೊಲಿದಾಳು? ಮರಳಿ ಬಂದು "ಹೂಂ, ಹೇಳಿ ಸರ್" ಎಂದಾಗ ಅವರು, "ಎದ್ದು ಹೋಗಿದ್ರಿ ಅಲ್ವಾ?" ಎಂದರು. "ಇಲ್ಲ ಸರ್, ಇಲ್ಲೇ ಇದ್ದೆ." "ಇರ್ಲಿಲ್ಲ ಬಿಡಿ. ನೀವು ಇದ್ದಾಗ ನಿಮ್ಮ ಹಿಂದೆ ಜನ ಮಾತಾಡೋದು ಕೇಳುತ್ತೆ. ನೀವು ಹೋದಾಗ ಅದೂ ಹೋಗುತ್ತೆ. ಬಾವಿಗೆ ಮುಖ ಇಟ್ಟ ಹಾಗಿರುತ್ತೆ." ಕೋಪವಿರಲಿಲ್ಲ ಅವರ ದನಿಯಲ್ಲಿ. ಹವಾಮಾನ ಹೇಳಿದ ಹಾಗೆ ಹೇಳಿದರು. ಲಿಫ್ಟಿನ ಬಾಗಿಲು ತೆರೆದ ಸದ್ದು ಬಂತು, ಥ್ಯಾಂಕ್ಸ್ ಹೇಳಿ ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ. ಹಾಗಾದರೆ ಅಕ್ಕನಿಗೂ ಗೊತ್ತಿರಬಹುದೇ? ಆ ಯೋಚನೆ ಬಂದದ್ದೇ, ಅವಳು ಬರದೇ ಇದ್ದರೆ ಸಾಕು ಎನಿಸಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಆದರೆ ಅವಳು ಬಂದಳು.

ಊಟದ ಕೋಣೆಯ ಕಿಟಕಿಯ ಪಕ್ಕದ ಮೇಜಿಗೆ ಅವಳು ಕೋಟನ್ನು ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದಳು. ಒಂದು ಗುಂಡಿ ಇನ್ನೂ ಹಚ್ಚುವುದಿತ್ತು. ಸೂಜಿ ದಾರ ತಂದಿದ್ದಳು, ಅಲ್ಲೇ ಕೂತು ಶುರು ಮಾಡಿದಳು. ಹಲ್ಲು ಇದ್ದವು, ಎಲ್ಲವೂ. ಮುಖ ಸ್ವಲ್ಪ ಇಳಿದಿತ್ತು, ಕೂದಲು ಅಚ್ಚುಕಟ್ಟಾಗಿ ಬಾಚಿತ್ತು. "ಮತ್ತೆ," ಎಂದ ಅವನು, ನೀರಿನ ಲೋಟವನ್ನು ತಿರುಗಿಸುತ್ತ, "ಮಾಡ್ಬಿಟ್ಟೆ ಅನ್ನು."

"ಹೂಂ. ಹೇಳ್ಬಿಟ್ಟೆ."

"ಏನಂದ್ರು?" ಇದು ಎಲ್ಲದಕ್ಕೂ ಒಪ್ಪುವ ಪ್ರಶ್ನೆ. ತನ್ನ ಜಾಣತನಕ್ಕೆ ತನಗೇ ಹೇಸಿಗೆಯಾಯಿತು.

"ಏನಂತಾರೆ ಪಾಪ. ಆ ಕನ್ನಡಕದ ಅಂಗಡಿಯೋರ ಸ್ವಭಾವ ನಿಂಗೆ ಗೊತ್ತಲ್ಲ, ಎಲ್ಲ ಹೇಳಿದೀನಲ್ಲ." ಅವನಿಗೆ ಯಾವ ಕನ್ನಡಕದ ಅಂಗಡಿಯವರೂ ಗೊತ್ತಿರಲಿಲ್ಲ. ಅವಳು ದಾರವನ್ನು ಗುಂಡಿಯ ಕಣ್ಣಿನಿಂದ ಎಳೆದಳು. "ಹೊಲಿಸೋಕೆ ತಂದಿದ್ದ ಅವರ ಕೋಟನ್ನ ಮಡಚಿದ್ರು. ಆಮೇಲೆ, ನಿಮ್ಮ ತಮ್ಮ ಬೇಡ ಅಂದ್ಮೇಲೆ ನಾನು ಮತ್ತೆ ಕೇಳೋದು ಸರಿಯಲ್ಲ ಅಂದ್ರು. ಕೋಟು ತಗೊಂಡು ಹೋದ್ರು. ಇನ್ನು ಗುಂಡಿ ಬೀಳಲ್ಲ ಬಿಡು," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಮೊದಲ ಸಲ ತಂದಾಗಲೇ ನಂಗೆ ಗೊತ್ತಾಗಿತ್ತು, ನಿಂಗೆ ಅವತ್ತೇ ಹೇಳಿದ್ನಲ್ಲ? ಸವೆದು ಬಿದ್ದ ಗುಂಡಿ ಆದ್ರೆ ದಾರ ನಾರು ನಾರಾಗಿರುತ್ತೆ. ಅವರು ತರೋದು ಕತ್ತರೀಲಿ ಕತ್ತರಿಸಿದ್ದು, ನೀಟಾಗಿ. ಪ್ರತಿ ವಾರ ಒಂದು. ಈ ವಯಸ್ಸಲ್ಲಿ ಅಷ್ಟು ದೊಡ್ಡ ಮನುಷ್ಯ ಮನೇಲಿ ಕೂತು ತನ್ನ ಕೋಟಿಗೆ ತಾನೇ ಕತ್ತರಿ ಹಾಕ್ಕೋತಾನೆ ಅಂದ್ರೆ..." ಅವಳು ಬಗ್ಗಿ ಹೊಲಿಗೆ ನೋಡಿದಳು. "ಮದುವೆ ಆಗೋಣ್ವಾ ಅಂತ ಕೇಳೋಕೆ ಅವರಿಗೆ ಒಂದು ಕೋಟಿನ ಗುಂಡಿ ಪೂರ್ತಿ ಖರ್ಚಾಯ್ತು."

ಅವನ ಕೈಯಲ್ಲಿ ಲೋಟ ನಿಂತುಬಿಟ್ಟಿತ್ತು. ಅವಳ ತಲೆಯ ಬೈತಲೆ ಕಾಣುತ್ತಿತ್ತು, ಬಿಳಿ ಕೂದಲು ಅಲ್ಲಿಂದಲೇ ಶುರುವಾಗಿ ಎರಡೂ ಕಡೆಗೆ ಹರಡಿತ್ತು. ಇದೇ ತಲೆಯನ್ನು ಅವನು ಚಿಕ್ಕವನಿದ್ದಾಗ ಬೆನ್ನ ಮೇಲೆ ಕೂತು ಹಿಡಿದುಕೊಂಡದ್ದುಂಟು, ಶಾಲೆಗೆ ಹೋಗುವ ದಾರಿಯಲ್ಲಿ ಕಾಲು ಉಳುಕಿದಾಗ. ಜಡೆ ಎಳೀಬೇಡ್ವೋ ಎಂದು ಅವಳು ದಾರಿಯುದ್ದಕ್ಕೂ ಅರಚಿದ್ದಳು, ಆದರೂ ಇಳಿಸಿರಲಿಲ್ಲ. ಬೇಡ ಅಂದೆನೇ? ನಾನು? ಒಂದೇ ಒಂದು ಸಲ ಕೇಳಿಸಿಕೊಂಡಿದ್ದರೆ ಕುಣಿದಾಡಿಬಿಡುತ್ತಿದ್ದೆ. ಹೆಂಡತಿಯನ್ನು ಕರೆದುಕೊಂಡು ಆ ಅಂಗಡಿಗೆ ಹೋಗಿ, ಬೇಡದ ಕನ್ನಡಕ ಮಾಡಿಸಿಕೊಂಡು ಬರುತ್ತಿದ್ದೆ. ಅವನ ನಾಲಿಗೆಯ ತುದಿಗೆ ಎಂದಿನ ಮಾತು ಬಂದು ನಿಂತಿತು, ಅದನ್ನು ಒಳಕ್ಕೆ ನೂಕಿದ. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಅವಳಿಗೆ ತಮ್ಮನಾದರೂ ಉಳಿಯುತ್ತಿದ್ದ. ಆಗ ಅವಳು ಅದನ್ನು ಹೇಳಿದಳು, ದಾರವನ್ನು ಹಲ್ಲಿನಿಂದ ಕಡಿಯುತ್ತ: "ನೀನು ಬೇಡ ಅಂದಿದ್ದಕ್ಕೆ ಬೇಜಾರಿಲ್ಲ ಕಣೋ. ನಾನೇ ತಾನೆ ಕೇಳಿದ್ದು, ಬೇಡ ಅಂದ್ಬಿಡ್ಲಾ, ಜನ ನಗಲ್ವಾ ಅಂತ. ನೀನು ಅಷ್ಟು ಹೊತ್ತು ಒಂದು ಮಾತೂ ಆಡದೆ ಕೇಳಿಸ್ಕೊಂಡೆ ನೋಡು, ಅದೇ ಸಾಕಾಯ್ತು ನಂಗೆ. ಅಮ್ಮ ಕೂಡ ಹಾಗೆ ಕೇಳ್ತಿರ್ಲಿಲ್ಲ, ನಡುವೆ ಬಾಯಿ ಹಾಕ್ತಿದ್ಲು. ಇಷ್ಟು ಯೋಚನೆ ಮಾಡಿ ಹೇಳ್ತಿದಾನೆ ಅಂದ್ರೆ ಸರಿಯಾಗೇ ಇರುತ್ತೆ ಅಂದ್ಕೊಂಡೆ."

"ನಾನು ಕೇಳಿಸ್ಕೊಳ್ಲಿಲ್ಲ ಅಕ್ಕ," ಎಂದ.

ಅವಳು ತಲೆಯೆತ್ತಿದಳು. ಅವನು ಹೇಳಿದ. ಕೆಂಪು ಗುಂಡಿಯ ಬಗ್ಗೆ ಹೇಳಿದ, ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಳ್ಳುವುದನ್ನು ಹೇಳಿದ, ಕಿತ್ತಳೆಯನ್ನೂ ಬಿಡಲಿಲ್ಲ. ಬೆಳಿಗ್ಗೆಯ ಮುದುಕರ ಮಾತನ್ನೂ ಹೇಳಿದ, ಹಿಂದಿನ ಗಲಾಟೆ ಕೇಳುತ್ತಿದ್ದರೆ ಇದ್ದೇನೆಂದು, ಬಾವಿಯ ಹಾಗಾದರೆ ಇಲ್ಲವೆಂದು. ಹೇಳುತ್ತ ಹೇಳುತ್ತ ಒಂದು ಬಗೆಯ ಸುಖವೂ ಆಗತೊಡಗಿತು, ಹುಣ್ಣಿನ ಪಕ್ಕು ಕಿತ್ತಾಗ ಆಗುವಂಥದ್ದು; ಅದು ಗೊತ್ತಾಗಿ ನಾಚಿಕೆಯಿಂದ ನಿಲ್ಲಿಸಿದ. ಅವಳು ಹೊಸ ಗುಂಡಿಯನ್ನು ಹೆಬ್ಬೆರಳಿನಿಂದ ಸವರಿದಳು. ಪಕ್ಕದ ಮೇಜಿನಲ್ಲಿ ಯಾರೋ ಡಬ್ಬಿ ಮುಚ್ಚಿದರು.

"ಹಾಗಾದ್ರೆ," ಎಂದಳು, "ಬೇಡ ಅಂದಿದ್ದು ಯಾರು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳು. ಯಾರೂ ಆಡದ ಮಾತು ಹೀಗೆ ಹೋಗಿ ಒಬ್ಬರ ಬಾಳನ್ನು ಒಡೆದು ಬರಬಹುದೆಂದು ಅವಳಿಗೂ ಗೊತ್ತಿರಲಿಲ್ಲ. "ಹೂಂ ಅನ್ನು ಅಕ್ಕ," ಎಂದ, ಮೇಜಿನ ಮೇಲೆ ಬಗ್ಗಿ. "ಇವತ್ತೇ ಹೋಗಿ ಹೂಂ ಅನ್ನು. ನಾನೇ ಬಂದು ಹೇಳ್ತೀನಿ ಅವರಿಗೆ. ಬಿಡುವು ಕೇಳಿ ಈಗ್ಲೇ ಬರ್ತೀನಿ."

"ಬೇಡ. ನೀನು ಪಕ್ಕದಲ್ಲಿ ನಿಂತ್ರೆ ನಾನು ನಿನ್ನ ಬಾಯೇ ನೋಡ್ತೀನಿ." ಅವಳು ಸೂಜಿಯನ್ನು ಸೆರಗಿನ ಅಂಚಿಗೆ ಚುಚ್ಚಿಕೊಂಡಳು. ಕೋಟನ್ನು ಅವನ ಕಡೆಗೆ ಸರಿಸಿದಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು. ಮುಖ ನೋಡಿದರೆ ಬೈಯುತ್ತಾಳೆ ಎನಿಸಿತು, ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಅವರ ಅಂಗಡಿ ಬಾಗಿಲಲ್ಲಿ ನಿಂತು ಫೋನ್ ಮಾಡ್ತೀನಿ. ಒಬ್ಳೇ ಹೋಗೋಕೆ ಕಾಲು ಬರಲ್ಲ. ನೀನೇನೂ ಮಾತಾಡ್ಬೇಡ. ನಿನ್ನ ಹಿಂದೆ ಆ ಗಲಾಟೆ ಕೇಳಿಸ್ತಾ ಇದ್ರೆ ಸಾಕು, ಇದೀಯ ಅಂದ್ಕೋತೀನಿ."

"ಇರ್ತೀನಿ ಅಕ್ಕ."

ಮಧ್ಯಾಹ್ನವೆಲ್ಲ ಅವನು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡೇ ಕೂತಿದ್ದ. ಲಿಫ್ಟಿನ ಕರೆಗಳು ಬಂದರೆ ಪಕ್ಕದ ಸೀಟಿನಾಕೆಗೆ ದಾಟಿಸುತ್ತಿದ್ದ. ಅವಳು ಹುಬ್ಬೇರಿಸಿ ತೆಗೆದುಕೊಳ್ಳುತ್ತಿದ್ದಳು. ಕೊನೆಗೆ ಹೊರಗಿನ ನಂಬರಿನ ದೀಪ ಮಿನುಗಿತು. "ಇದೀಯಾ?" "ಇದೀನಿ." ಆಮೇಲೆ ಬೀದಿಯ ಸದ್ದು, ಬಳೆಗಳು ಏನಕ್ಕೋ ತಾಗಿದ್ದು, ಗಾಜಿನ ಬಾಗಿಲು ತಳ್ಳಿದಾಗ ಒಂದು ಸಣ್ಣ ಗಂಟೆ. ಇಷ್ಟು ವರ್ಷದ ಕೆಲಸದಲ್ಲಿ ಅವನು ಯಾರನ್ನೂ ಹೀಗೆ ಕೇಳಿರಲಿಲ್ಲ. "ಬನ್ನಿ ಬನ್ನಿ," ಎಂದಿತು ಒಂದು ಗಂಡು ದನಿ, ದಡಬಡಿಸಿ ಏಳುವಾಗ ಕುರ್ಚಿ ಎಳೆದ ಸದ್ದಿನ ಜೊತೆ. ಹಿತವಾದ ದನಿ, ಸ್ವಲ್ಪ ನಡುಗುವಂಥದ್ದು. ಇವರೇ. ಕತ್ತರಿಯಿಂದ ಗುಂಡಿ ಕತ್ತರಿಸಿಕೊಳ್ಳುವವರು. ಅವನ ಕಣ್ಣು ತುಂಬಿತು, ಕೆಮ್ಮು ಒತ್ತರಿಸಿಕೊಂಡು ಬಂತು. ಒಂದು ಕೈ ಇಳಿಸಿ, ಬಗ್ಗಿ ಕೆಮ್ಮಿ, ಮತ್ತೆ ಕೂತು, ಕಣ್ಣು ಮುಚ್ಚಿಕೊಂಡ.

"ನನ್ನ ತಮ್ಮ ಬೇಡ ಅಂದಿರ್ಲಿಲ್ಲ," ಅಕ್ಕ ಹೇಳುತ್ತಿದ್ದಳು. "ಅವನಿಗೆ ಕೇಳಿಸೇ ಇರ್ಲಿಲ್ಲ. ತಪ್ಪಾಗಿತ್ತು."

"ಈಗ?"

"ಈಗ ಹೇಳಿದೀನಿ. ಸಂತೋಷಪಟ್ಟ." ಸ್ವಲ್ಪ ತಡೆದು, "ನೀವು ನಂಬಲ್ಲ ಅಂತ ಗೊತ್ತು. ಒಂದು ಸಲ ಬೇಡ ಅಂದೋಳು ನಾನು. ಅವನು ಲೈನಲ್ಲೇ ಇದಾನೆ, ನೀವೇ ಮಾತಾಡಿ ನೋಡಿ."

ಫೋನು ಕೈಯಿಂದ ಕೈಗೆ ದಾಟಿದ ಸದ್ದು. "ಹಲೋ?"

"ನಮಸ್ಕಾರ ಸರ್," ಎಂದ ಅವನು. "ನಾನು ಅವಳ ತಮ್ಮ. ತಪ್ಪೆಲ್ಲ ನಂದು ಸರ್, ಅವಳದೇನೂ ಇಲ್ಲ. ನಮ್ಮಕ್ಕ ನಿಮ್ಮ ಗುಂಡಿ ಕಥೆ ಎಲ್ಲ ಹೇಳಿದ್ಲು. ನಂಗೆ ಎಷ್ಟು ಖುಷಿ ಆಗಿದೆ ಅಂದ್ರೆ..."

"ಹಲೋ? ಹಲೋ?"

"ಕೇಳಿಸ್ತಿದೆಯಾ ಸರ್? ನಾನಿಲ್ಲೇ ಇದೀನಿ! ನಮ್ಮಕ್ಕನ್ನ ನೀವು..." ದನಿ ಏರಿಸಿದ. ಕೋಣೆಯಲ್ಲಿ ಎರಡು ಮೂರು ತಲೆಗಳು ಇವನ ಕಡೆ ತಿರುಗಿದವು. ಹಿಂದಿನ ಸಾಲಿನಲ್ಲಿ ಯಾರೋ ಯಾರಿಗೋ ವರಿ ಮಾಡ್ಬೇಡಿ ಎನ್ನುತ್ತಿದ್ದರು.

"ಯಾರೂ ಇಲ್ಲ ಅನ್ಸುತ್ತೆ," ಎಂದರು ಅವರು, ಆದಷ್ಟು ಮೆತ್ತಗೆ.

ಫೋನು ಮತ್ತೆ ಕೈ ಬದಲಾಯಿತು. ಅಕ್ಕ ಹಲೋ ಎನ್ನಲಿಲ್ಲ. ಅವಳ ಉಸಿರು ಕೇಳಿಸಿತು, ತೀರ ಹತ್ತಿರ. ಅವಳು ಆಲಿಸುತ್ತಿದ್ದಳು, ಅವನಿಗಾಗಿಯಲ್ಲ, ಅವನ ಹಿಂದಿನ ಜನಕ್ಕಾಗಿ. "ಅಕ್ಕ, ಅಕ್ಕ, ಇದೀನಿ," ಎಂದು ಅವನು ಕೂಗುತ್ತಲೇ ಇದ್ದ. ಆಲಿಸಿದಳು. ಆಮೇಲೆ ಮುಖ ಆ ಕಡೆಗೆ ತಿರುಗಿಸಿ, ಎಂದಿನ ದನಿಯಲ್ಲಿ, "ಬಿಡಿ, ನೀವೇನೂ ವರಿ ಮಾಡ್ಬೇಡಿ. ಅವನಿಗೆ ಕೆಲಸ ಇರುತ್ತೆ," ಎಂದಳು. ಗಾಜಿನ ಬಾಗಿಲಿನ ಗಂಟೆ ಇನ್ನೊಮ್ಮೆ ಸದ್ದು ಮಾಡಿತು. ಲೈನು ಕಟ್ಟಾಯಿತು.

ಪಕ್ಕದ ಸೀಟಿನಾಕೆ ತನ್ನ ಕರೆ ಮುಗಿಸಿ, ಕುರ್ಚಿಯನ್ನು ಇವನ ಕಡೆ ಉರುಳಿಸಿಕೊಂಡು ಬಂದಳು. "ಯಾಕ್ರೀ ಅಷ್ಟು ಕೂಗ್ತಿದೀರ? ಯಾರಿಗೆ ಕೇಳಿಸುತ್ತೆ?" ಎಂದು ಅವನ ಎದೆಯ ಮೇಲಿನ ವೈರನ್ನು ಬೆರಳಿನಲ್ಲಿ ತೋರಿಸಿದಳು. "ಕೆಂಪಲ್ಲಿದೀರಲ್ಲ."